ಹೆಸರು ಗುಟ್ಟಾಗಿಡಿ ಎಂದಿತ್ತು ಪತ್ರ

2002ರ ನವೆಂಬರ್ 11ರಂದು ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರಿಗೆ ಒಂದು ಪತ್ರ ಬರೆದರು. ಪತ್ರದ ಕೆಳಗೆ ರುಜು ಹಾಕಲಿಲ್ಲ. ತಾವು ಯಾರು, ಎಲ್ಲಿ ಓದಿದವರು, ಈಗ ಯಾವ ಹುದ್ದೆಯಲ್ಲಿದ್ದೇವೆ ಎಂಬ ವಿವರವನ್ನೆಲ್ಲ ಬೇರೆಯೇ ಹಾಳೆಯಲ್ಲಿ ಬರೆದು ಜೊತೆಗಿಟ್ಟರು. ಹಾಗೇಕೆ ಮಾಡಿದೆ ಎಂಬುದನ್ನೂ ಪತ್ರದಲ್ಲೇ ಹೇಳಿದ್ದರು. ಹೆಸರಿಲ್ಲದ ಸಾಮಾನ್ಯನ ಅರ್ಜಿಗೆ ದೊಡ್ಡ ಕಚೇರಿಗಳಲ್ಲಿ ಬೆಲೆ ಇರುವುದಿಲ್ಲ. ಹೆಸರು ಬರೆದರೆ ಗುಟ್ಟು ಉಳಿಯುವುದಿಲ್ಲ. ಎರಡೂ ಕಷ್ಟಗಳನ್ನು ದಾಟಲು ಅವರಿಗೆ ಹೊಳೆದ ಉಪಾಯ ಆ ಬೇರೆ ಹಾಳೆ. ಪತ್ರ ಕಡತಕ್ಕೆ ಸೇರಲಿ, ಹಾಳೆ ಓದಿದವರ ಬಳಿಯೇ ಉಳಿಯಲಿ ಎಂಬುದು ಅವರ ಎಣಿಕೆ.

ದುಬೆ ಬಿಹಾರದ ಸಿವಾನ್ ಜಿಲ್ಲೆಯ ಶಾಹಪುರ ಎಂಬ ಹಳ್ಳಿಯವರು. ಕಾನ್ಪುರ ಐಐಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1994ರಲ್ಲಿ ಹೊರಬಂದರು. ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಾಂತ್ರಿಕ ಸಂಸ್ಥೆಯಲ್ಲಿ ಎಂ.ಟೆಕ್ ಮಾಡಿ ಭಾರತೀಯ ಎಂಜಿನಿಯರಿಂಗ್ ಸೇವೆಗೆ ಸೇರಿದರು. ಜೊತೆಯಲ್ಲಿ ಓದಿದ ಎಷ್ಟೋ ಮಂದಿ ವಿಮಾನ ಹತ್ತಿದ ಕಾಲ ಅದು. ಅವರು ಮಾತ್ರ ಸರ್ಕಾರಿ ಕೆಲಸ ಹಿಡಿದು, 2002ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ನಿಯೋಜನೆಯ ಮೇಲೆ ಬಂದು ಜಾರ್ಖಂಡ್‌ನ ಕೋಡರ್ಮಾದಲ್ಲಿ ಕೂತಿದ್ದರು.

ಆಗ ದೇಶದ ಬಾಯಲ್ಲೆಲ್ಲ ಸುವರ್ಣ ಚತುಷ್ಪಥದ್ದೇ ಮಾತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಬೆಸೆಯುವ 5,800 ಕಿಲೋಮೀಟರಿಗೂ ಮಿಕ್ಕಿದ ನಾಲ್ಕು ಪಥಗಳ ರಸ್ತೆ. ನಮ್ಮ ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು, ಬೆಂಗಳೂರುಗಳನ್ನು ಹಾದುಹೋಗುವ ಹೆದ್ದಾರಿ ಅದರ ಒಂದು ಮಗ್ಗುಲು. ದುಬೆ ಅವರ ಪಾಲಿಗೆ ಬಂದದ್ದು ಇನ್ನೊಂದು ಮಗ್ಗುಲು: ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆ, ಅಂದರೆ ಆಗಿನ ರಾಷ್ಟ್ರೀಯ ಹೆದ್ದಾರಿ 2ರಲ್ಲಿ ಬಿಹಾರದ ಔರಂಗಾಬಾದ್‌ನಿಂದ ಬಾರಾಚಟ್ಟಿವರೆಗಿನ ತುಂಡು.

ಆ ತುಂಡಿನಲ್ಲಿ ಅವರು ಕಂಡದ್ದು ರಸ್ತೆ ಕಾಮಗಾರಿ ಬಲ್ಲವರಿಗೆ ಹೊಸದೇನಲ್ಲ. ದೊಡ್ಡ ಕಂಪನಿಗಳು ದೊಡ್ಡ ಮೊತ್ತಕ್ಕೆ ಟೆಂಡರ್ ಹಿಡಿಯುತ್ತವೆ. ಮುಂಗಡ ಹಣ ಎತ್ತಿಕೊಳ್ಳುತ್ತವೆ. ಆಮೇಲೆ ಯಂತ್ರವೂ ಇಲ್ಲದ, ಅನುಭವವೂ ಇಲ್ಲದ ಸಣ್ಣಪುಟ್ಟ ಉಪಗುತ್ತಿಗೆದಾರರಿಗೆ ಕೆಲಸ ದಾಟಿಸಿ ಕೈತೊಳೆದುಕೊಳ್ಳುತ್ತವೆ. ಯೋಜನಾ ವರದಿಗಳೇ ಅರೆಬೆಂದವು. ಟೆಂಡರಿಗೆ ಸಲ್ಲಿಸಿದ ದಾಖಲೆಗಳಲ್ಲಿ ನಕಲಿಯವೂ ಇವೆ. ದುಬೆ ಇದನ್ನೆಲ್ಲ ಪತ್ರದಲ್ಲಿ ಒಂದೊಂದಾಗಿ ಇಟ್ಟರು. ಸಾರ್ವಜನಿಕರ ಹಣ ಲೂಟಿಯಾಗುತ್ತಿದೆ ಎಂದು ನೇರವಾಗಿಯೇ ಬರೆದರು. ಅವರು ಬರೀ ಬರೆದು ಸುಮ್ಮನಾದವರೂ ಅಲ್ಲ. ಕಳಪೆಯಾಗಿ ಹಾಕಿದ್ದ ಆರು ಕಿಲೋಮೀಟರ್ ರಸ್ತೆಯನ್ನು ಕಿತ್ತು ಮತ್ತೆ ಹಾಕಿಸಿದ್ದರೆಂದು ಆಮೇಲೆ ಪತ್ರಿಕೆಗಳಲ್ಲಿ ವರದಿಯಾಯಿತು. ಗುತ್ತಿಗೆದಾರರ ಕಣ್ಣಿಗೆ ಅವರು ಬಿದ್ದು ಬಹಳ ದಿನವಾಗಿತ್ತು.

ಪತ್ರ ಪ್ರಧಾನಿ ಕಚೇರಿಗೆ ತಲುಪಿತು. ಅಲ್ಲಿಂದ ಮುಂದೆ ನಡೆದದ್ದು ಯಾವ ತಾಲ್ಲೂಕು ಕಚೇರಿಯಲ್ಲೂ ದಿನಾ ನಡೆಯುವಂಥದ್ದು. ಟಪ್ಪಾಲಿನಲ್ಲಿ ಬಂದ ಕಾಗದವನ್ನು ಸಂಬಂಧಪಟ್ಟ ಇಲಾಖೆಗೆ "ಅಗತ್ಯ ಕ್ರಮಕ್ಕಾಗಿ" ಎಂಬ ಷರಾ ಬರೆದು ದಾಟಿಸುವುದು. ಪತ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಹೋಯಿತು, ಅಲ್ಲಿಂದ ಹೆದ್ದಾರಿ ಪ್ರಾಧಿಕಾರಕ್ಕೆ ಹೋಯಿತು. ಜೊತೆಗಿದ್ದ ಹಾಳೆಯನ್ನು ತೆಗೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪತ್ರದ ಹಿಂದೆಯೇ ಅದೂ ಮೇಜಿನಿಂದ ಮೇಜಿಗೆ ನಡೆಯಿತು. ಹೋದಲ್ಲೆಲ್ಲ ಟಿಪ್ಪಣಿ, ಕಿರುರುಜು, ತಾರೀಖು. ಯಾರ ಮೇಲೆ ದೂರಿತ್ತೋ ಅದೇ ಸಂಸ್ಥೆಯ ಕೈಗೆ ದೂರಿದವರ ಹೆಸರು, ಊರು, ಹುದ್ದೆ ಸಮೇತ ಕಡತ ಬಂದು ಬಿತ್ತು. ಮೇಲಧಿಕಾರಿಗಳನ್ನು ಬಿಟ್ಟು ಪ್ರಧಾನಿಗೇ ಬರೆದದ್ದು ನಿಯಮಬಾಹಿರ ಎಂದು ದುಬೆ ಅವರನ್ನೇ ತರಾಟೆಗೆ ತೆಗೆದುಕೊಂಡ ಸಂಗತಿಯೂ ಮುಂದೆ ಬೆಳಕಿಗೆ ಬಂತು.

ಇದರಲ್ಲಿ ಒಳಸಂಚು ಹುಡುಕುವವರಿದ್ದಾರೆ. ಇರಲೂಬಹುದು. ಆದರೆ ಒಳಸಂಚೇ ಬೇಕಿರಲಿಲ್ಲ ಎಂಬುದು ಈ ಕಥೆಯ ನಿಜವಾದ ಭಯಂಕರ ಭಾಗ. ಗುಮಾಸ್ತಿಕೆಯ ರೂಢಿಯೊಂದೇ ಸಾಕಾಯಿತು.

2003ರ ಆಗಸ್ಟ್‌ನಲ್ಲಿ ದುಬೆ ಅವರನ್ನು ಗಯಾಕ್ಕೆ ವರ್ಗ ಮಾಡಿದರು. ನವೆಂಬರ್ ಕೊನೆಯಲ್ಲಿ ಅವರು ವಾರಾಣಸಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ರೈಲಿನಲ್ಲಿ ಗಯಾಕ್ಕೆ ಮರಳಿದರು. 27ರ ನಸುಕು, ಇನ್ನೂ ಕತ್ತಲು. ಕರೆದೊಯ್ಯಬೇಕಿದ್ದ ಕಾರು ಕೆಟ್ಟು ನಿಂತಿತ್ತು. ಸೈಕಲ್ ರಿಕ್ಷಾ ಹತ್ತಿದರು. ಸರ್ಕಿಟ್ ಹೌಸ್ ಹತ್ತಿರ ಅವರ ಮೇಲೆ ಗುಂಡು ಹಾರಿತು.

ಪ್ರಧಾನಿಗೆ ಬರೆದ ಪತ್ರ, ಅದರ ಮೇಲಿನ ಟಿಪ್ಪಣಿಗಳು ಕೆಲವೇ ದಿನಗಳಲ್ಲಿ ಪತ್ರಿಕೆಯಲ್ಲಿ ಅಚ್ಚಾದವು. ದೇಶವಿದೇಶಗಳಲ್ಲಿದ್ದ ಐಐಟಿಯ ಹಳೆಯ ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದರು. ಸಂಸತ್ತಿನಲ್ಲಿ ಗದ್ದಲವೆದ್ದಿತು. ತನಿಖೆ ಸಿಬಿಐ ಕೈಗೆ ಹೋಯಿತು. ಸಿಬಿಐ ಇದನ್ನು ದರೋಡೆಗಾಗಿ ನಡೆದ ಕೊಲೆ ಎಂದಿತು. 2010ರ ಮಾರ್ಚ್‌ನಲ್ಲಿ ಪಟ್ನಾದ ನ್ಯಾಯಾಲಯ ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದುಬೆ ಕುಟುಂಬಕ್ಕೆ ಆ ದರೋಡೆಯ ಕಥೆ ಒಪ್ಪಿಗೆಯಾಗಲಿಲ್ಲ. ಪತ್ರಕ್ಕೂ ಗುಂಡಿಗೂ ನಂಟು ಇತ್ತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯದ ತೀರ್ಪು ಮುಗಿಸಿರಬಹುದು, ಜನ ಮುಗಿಸಲಿಲ್ಲ. ಒಂದು ಮಾತು ಮಾತ್ರ ಯಾವ ತೀರ್ಪಿಗೂ ಕಾಯದೆ ಸಾಬೀತಾಗಿತ್ತು: ಗುಟ್ಟು ಕಾಯಿರಿ ಎಂದು ಕೇಳಿದ ನೌಕರನ ಗುಟ್ಟನ್ನು ಸರ್ಕಾರ ಕಾಯಲಿಲ್ಲ.

ಕಾಯುವ ದಾರಿ ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದುಬೆ ಪತ್ರ ಬರೆಯುವುದಕ್ಕೆ ಹನ್ನೊಂದು ತಿಂಗಳು ಮೊದಲೇ, 2001ರ ಡಿಸೆಂಬರ್‌ನಲ್ಲಿ, ನ್ಯಾಯಮೂರ್ತಿ ಬಿ.ಪಿ. ಜೀವನ ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 179ನೇ ವರದಿಯನ್ನು ಕೊಟ್ಟಿತ್ತು. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರ ಕೋರಿಕೆಯಿಂದ ಆಯೋಗ ಈ ವಿಷಯವನ್ನು ಕೈಗೆತ್ತಿಕೊಂಡಿತ್ತು. ಸಾರ್ವಜನಿಕ ಹಿತಕ್ಕಾಗಿ ಅಕ್ರಮ ಬಯಲಿಗೆಳೆಯುವವರನ್ನು ಹೇಗೆ ರಕ್ಷಿಸಬೇಕು ಎಂಬುದೇ ವರದಿಯ ವಿಷಯ. ಬ್ರಿಟನ್ 1998ರಲ್ಲಿ ಮಾಡಿದ ಕಾನೂನನ್ನೂ ಬೇರೆ ದೇಶಗಳ ಕಾನೂನುಗಳನ್ನೂ ನೋಡಿ ಆಯೋಗ ಮಸೂದೆಯ ಕರಡನ್ನೇ ಬರೆದುಕೊಟ್ಟಿತ್ತು. ಸರ್ಕಾರ ಮಾಡಬೇಕಾಗಿದ್ದ ಕೆಲಸವೆಂದರೆ ಅದನ್ನು ಸಂಸತ್ತಿನಲ್ಲಿ ಮಂಡಿಸುವುದು. ಗಯಾದಲ್ಲಿ ಗುಂಡು ಹಾರಿದ ದಿನ ಆ ಕರಡಿಗೆ ಹೆಚ್ಚುಕಡಿಮೆ ಎರಡು ವರ್ಷ ತುಂಬಿತ್ತು.

ಕೊಲೆಯ ನಂತರ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಹೋದವು. ಕಾನೂನು ಬರುವವರೆಗೆ ಏನು ವ್ಯವಸ್ಥೆ ಮಾಡುತ್ತೀರಿ ಎಂದು ಕೋರ್ಟು ಕೇಳಿತು. ಸರ್ಕಾರ 2004ರ ಏಪ್ರಿಲ್ 21ರಂದು ಒಂದು ನಿರ್ಣಯ ಹೊರಡಿಸಿತು. ಇಂಥ ದೂರುಗಳನ್ನು ಪಡೆಯುವ ಅಧಿಕಾರ ಕೇಂದ್ರ ಜಾಗೃತ ಆಯೋಗಕ್ಕೆ ಸಿಕ್ಕಿತು. ಪಿಐಡಿಪಿಐ ನಿರ್ಣಯ ಎಂಬ ಅಡ್ಡಹೆಸರಿನಿಂದ ಕಚೇರಿಗಳಲ್ಲಿ ಇಂದಿಗೂ ಓಡಾಡುತ್ತಿರುವುದು ಇದೇ.

ಈ ನಿರ್ಣಯದ ನಿಯಮಗಳನ್ನು ಓದಿದರೆ ದುಬೆ ಅವರ ಪತ್ರಕ್ಕೆ ಆದದ್ದನ್ನು ಎದುರಿಗಿಟ್ಟುಕೊಂಡೇ ಬರೆದಂತೆ ಕಾಣುತ್ತದೆ. ದೂರನ್ನು ಮುಚ್ಚಿ ಅಂಟಿಸಿದ ಲಕೋಟೆಯಲ್ಲಿ ಹಾಕಬೇಕು. ಲಕೋಟೆಯ ಮೇಲೆ ಇದು ಸಾರ್ವಜನಿಕ ಹಿತಾಸಕ್ತಿಯ ದೂರು ಎಂದು ಬರೆದು ಆಯೋಗದ ಕಾರ್ಯದರ್ಶಿಗೆ ಕಳುಹಿಸಬೇಕು. ಕಳುಹಿಸಿದವರ ಹೆಸರು ಲಕೋಟೆಯ ಮೇಲೆ ಇರಕೂಡದು, ಒಳಗಿನ ಕಾಗದದಲ್ಲಿ ಇರಲೇಬೇಕು. ಹೆಸರಿಲ್ಲದ ದೂರು, ಸುಳ್ಳು ಹೆಸರಿನ ದೂರು ಎರಡನ್ನೂ ಆಯೋಗ ಮುಟ್ಟುವುದಿಲ್ಲ. ದೂರು ತಲುಪಿತು ಎಂಬ ಸ್ವೀಕೃತಿ ಪತ್ರವನ್ನೂ ಕಳುಹಿಸುವುದಿಲ್ಲ. ಆಯೋಗದ ಮೊಹರಿನ ಲಕೋಟೆ ದೂರುದಾರರ ಮನೆ ಬಾಗಿಲಿಗೆ ಬಂದರೂ ಸಾಕಲ್ಲವೇ ಗುಟ್ಟು ರಟ್ಟಾಗಲು! ಟಪ್ಪಾಲು ವಿಭಾಗದ ಬಾಯಿ ಎಷ್ಟು ಸಡಿಲ ಎಂಬುದನ್ನು ಬಲ್ಲ ಅಧಿಕಾರಿಗಳೇ ಈ ನಿಯಮ ಬರೆದಿರಬೇಕು.

ಆದರೂ ಅದು ನಿರ್ಣಯ, ಕಾನೂನಲ್ಲ. ಹೆಸರು ಹೊರಗೆಡವಿದ ಅಧಿಕಾರಿಯ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು, ಜೈಲಿಗೆ ಕಳುಹಿಸಲಾಗದು. ಅದರ ವ್ಯಾಪ್ತಿಯೂ ಕೇಂದ್ರ ಸರ್ಕಾರ ಮತ್ತು ಅದರ ಉದ್ದಿಮೆಗಳಿಗೆ ಸೀಮಿತ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿ ನಡೆಯುವ ಅಕ್ರಮದ ಬಗ್ಗೆ ಈ ಲಕೋಟೆಯಲ್ಲಿ ಬರೆದು ಹಾಕಿದರೆ ಅದಕ್ಕೆ ಬೆಲೆಯಿಲ್ಲ. ಇನ್ನೂ ಒಂದು ಕೊರತೆ ಇತ್ತು. ಅದು ಎದ್ದು ಕಂಡದ್ದು ಮರುವರ್ಷ, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ, ನಮ್ಮ ಕೆಜಿಎಫ್‌ನ ಹುಡುಗನೊಬ್ಬನ ಸಾವಿನಿಂದ.

ಷಣ್ಮುಗಂ ಮಂಜುನಾಥ್ ಹುಟ್ಟಿದ್ದು ಕೋಲಾರ ಚಿನ್ನದ ಗಣಿಯಲ್ಲಿ. ಎಂಜಿನಿಯರಿಂಗ್ ಓದಿದ್ದು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ. ಲಖನೌ ಐಐಎಂನಿಂದ 2003ರಲ್ಲಿ ಎಂಬಿಎ ಪಡೆದು ಇಂಡಿಯನ್ ಆಯಿಲ್ ಸೇರಿದರು. ಸೇಲ್ಸ್ ಆಫೀಸರ್ ಆಗಿ ಲಖೀಂಪುರ ಖೇರಿಯ ಸುತ್ತಮುತ್ತಲಿನ ಪೆಟ್ರೋಲ್ ಬಂಕ್‌ಗಳನ್ನು ನೋಡಿಕೊಳ್ಳುವುದು ಅವರ ಕೆಲಸ.

ಆ ಕಾಲದ ಕಲಬೆರಕೆಯ ಲೆಕ್ಕ ಸರಳ. ಪಡಿತರದ ನೀಲಿ ಸೀಮೆಎಣ್ಣೆಗೆ ಸರ್ಕಾರದ ಸಬ್ಸಿಡಿ ಇದ್ದುದರಿಂದ ಅದರ ಬೆಲೆ ಪೆಟ್ರೋಲು, ಡೀಸೆಲ್ಲಿನ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಬಡವರ ಒಲೆಗೆ ಹೋಗಬೇಕಾದ ಎಣ್ಣೆ ದಾರಿತಪ್ಪಿ ಬಂಕಿನ ಟ್ಯಾಂಕಿಗೆ ಇಳಿಯುತ್ತಿತ್ತು. ಪ್ರತಿ ಲೀಟರಿನಲ್ಲೂ ಲಾಭ. ಈ ದಂಧೆಯಲ್ಲಿ ಡೀಲರ್, ಸಾಗಣೆದಾರ, ಪಡಿತರದ ಸರಪಳಿ ಎಲ್ಲರಿಗೂ ಪಾಲಿತ್ತು. ಸ್ಯಾಂಪಲ್ ತೆಗೆಯುವ ಅಧಿಕಾರಿ ಕಣ್ಣುಮುಚ್ಚಿದರೆ ಅವನಿಗೂ ಪಾಲು. ಮಂಜುನಾಥ್ ಕಣ್ಣು ಮುಚ್ಚಲಿಲ್ಲ. ಗೋಲಾ ಗೋಕರ್ಣನಾಥದ ಬಂಕೊಂದಕ್ಕೆ ಬೀಗಮುದ್ರೆ ಹಾಕಿದರು. ಆ ಬಂಕು ಮತ್ತೆ ತೆರೆದ ಮೇಲೆ ಪುನಃ ಪರೀಕ್ಷೆಗೆ ಹೋದರು. 2005ರ ನವೆಂಬರ್ 19ರ ರಾತ್ರಿ ಅವರನ್ನು ಗುಂಡಿಟ್ಟು ಕೊಂದರು. ಹೆಣ ಸಿಕ್ಕಿದ್ದು ಪಕ್ಕದ ಸೀತಾಪುರ ಜಿಲ್ಲೆಯಲ್ಲಿ, ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ವಯಸ್ಸು 27.

ಈ ಪ್ರಕರಣದಲ್ಲಿ ನ್ಯಾಯಾಲಯ ಬೇಗ ನಡೆಯಿತು. ಐಐಎಂನ ಹಳೆಯ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿಕೊಂಡು ಮೊಕದ್ದಮೆಯ ಬೆನ್ನು ಬಿಡಲಿಲ್ಲ. 2007ರ ಮಾರ್ಚ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಮುಖ್ಯ ಆರೋಪಿಗೆ ಮರಣದಂಡನೆ, ಉಳಿದ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2009ರಲ್ಲಿ ಅಲಹಾಬಾದ್ ಹೈಕೋರ್ಟ್ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ ಇಬ್ಬರನ್ನು ಬಿಡುಗಡೆ ಮಾಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆರು ಮಂದಿಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಈಗ 2004ರ ನಿರ್ಣಯವನ್ನು ಮಂಜುನಾಥ್ ಪಕ್ಕದಲ್ಲಿಟ್ಟು ನೋಡಬೇಕು. ಅವರು ಕೇಂದ್ರದ ಉದ್ದಿಮೆಯ ನೌಕರ, ನಿರ್ಣಯ ಅವರಿಗೆ ಅನ್ವಯಿಸುತ್ತಿತ್ತು. ಆದರೆ ಅವರು ಯಾರಿಗೂ ಗುಟ್ಟಾಗಿ ದೂರು ಬರೆಯಲಿಲ್ಲ. ತಮ್ಮ ಕೆಲಸವನ್ನು ಹಗಲಲ್ಲೇ, ಬಂಕಿನ ಮಾಲೀಕರ ಎದುರಿನಲ್ಲೇ, ಸ್ವಂತ ರುಜು ಹಾಕಿ ಮಾಡಿದರು. ಅಂಥವರ ಹೆಸರನ್ನು ಯಾವ ಲಕೋಟೆಯಲ್ಲಿ ಮುಚ್ಚಿಡುವುದು? ಸ್ಯಾಂಪಲ್ ತೆಗೆಯುವ ಅಧಿಕಾರಿ, ಲೆಕ್ಕ ತಪಾಸಣೆ ಮಾಡುವ ಆಡಿಟರ್, ಮರಳಿನ ಲಾರಿ ಹಿಡಿಯುವ ತಹಶೀಲ್ದಾರ್, ಅದಿರು ಜಪ್ತಿ ಮಾಡುವ ಅರಣ್ಯಾಧಿಕಾರಿ, ಇವರೆಲ್ಲರ ಕರ್ತವ್ಯವೇ ಬಯಲಿನದು. ಹೆಸರು ಮುಚ್ಚಿಡುವುದರ ಸುತ್ತ ಹೆಣೆದ ರಕ್ಷಣೆ ಇವರ ಹತ್ತಿರ ಸುಳಿಯುವುದೂ ಇಲ್ಲ. ಇಂಥವರಿಗೆ ಬೇಕಾದದ್ದು ಬೇರೆ: ಕೆಲಸದ ಜಾಗದಲ್ಲಿ ಪೊಲೀಸ್ ಬೆಂಗಾವಲು, ವರದಿ ಕೊಟ್ಟ ಮೇಲೆ ಇಷ್ಟು ಕಾಲ ವರ್ಗಾವಣೆ ಕೂಡದೆಂಬ ಭರವಸೆ, ಬೆದರಿಕೆ ಬಂತೆಂದಾಗ ಮೇಲಧಿಕಾರಿ ಉತ್ತರ ಕೊಡಲೇಬೇಕೆಂಬ ಕಟ್ಟು. ಇಪ್ಪತ್ತು ವರ್ಷಗಳ ಚರ್ಚೆಯಲ್ಲಿ ಈ ವರ್ಗದ ನೌಕರರಿಗೆ ಸಿಕ್ಕ ಜಾಗ ತೀರಾ ಕಡಿಮೆ.

ಕರ್ನಾಟಕದಲ್ಲಿ ಒಬ್ಬರು ಹೆಸರು ಮುಚ್ಚಿಡುವುದಕ್ಕೆ ಪೂರಾ ಉಲ್ಟಾ ದಾರಿಯನ್ನೇ ಹಿಡಿದರು. ಐಎಎಸ್ ಅಧಿಕಾರಿ ಎಂ.ಎನ್. ವಿಜಯಕುಮಾರ್ ಸಹೋದ್ಯೋಗಿಗಳ ಅಕ್ರಮದ ಬಗ್ಗೆ ಬರೆಯತೊಡಗಿದಾಗ ಅವರಿಗೆ ವರ್ಗಾವಣೆಯ ಮೇಲೆ ವರ್ಗಾವಣೆ ಬಂತು. ಪತ್ನಿ ಜೆ.ಎನ್. ಜಯಶ್ರೀ ಗಂಡನ ಹೆಸರನ್ನು ಮುಚ್ಚಿಡುವ ಬದಲು ಊರಿಗೆಲ್ಲ ಸಾರಿದರು. ಪತ್ರಗಳನ್ನು, ಆದೇಶಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾ ಹೋದರು. ಎಲ್ಲರ ಕಣ್ಣು ಮೇಲಿದ್ದರೆ ಮುಟ್ಟಲು ಅಂಜುತ್ತಾರೆ ಎಂಬುದು ಅವರ ತರ್ಕ. 2007ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳವರೆಗೂ ಸುದ್ದಿ ಹೋಯಿತು. ಒಬ್ಬ ಐಎಎಸ್ ಅಧಿಕಾರಿಯ ಜೀವ ಕಾಯಲು ಮನೆಯಾಕೆ ಹೀಗೆ ಹಗಲಿರುಳು ಕೂರಬೇಕಾಯಿತು ಎಂದರೆ ವ್ಯವಸ್ಥೆಯ ಬಗ್ಗೆ ಹೆಚ್ಚಿಗೆ ಹೇಳುವ ಅಗತ್ಯವಿಲ್ಲ.

ದೆಹಲಿಯಲ್ಲಿ ಈ ನಡುವೆ ಕಾಗದಗಳು ತಮ್ಮ ವೇಗದಲ್ಲಿ ನಡೆಯುತ್ತಿದ್ದವು. 2005ರ ಡಿಸೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಗೆ ಸಹಿ ಹಾಕಿತು. ಅದರ 33ನೇ ವಿಧಿ ದೂರುದಾರರ ರಕ್ಷಣೆಯ ಬಗ್ಗೆಯೇ ಇದೆ. 2007ರ ಜನವರಿಯಲ್ಲಿ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ಆಡಳಿತದಲ್ಲಿ ನೈತಿಕತೆ ಕುರಿತ ತನ್ನ ವರದಿಯಲ್ಲಿ, ಕಾನೂನು ಆಯೋಗ ಹೇಳಿದ ದಾರಿಯಲ್ಲೇ ತಕ್ಷಣ ಕಾನೂನು ಮಾಡಿ ಎಂದಿತು. ತಕ್ಷಣ ಎಂಬುದು ಮೂರೂವರೆ ವರ್ಷಕ್ಕೆ ಬಂತು. 2010ರ ಆಗಸ್ಟ್‌ನಲ್ಲಿ ಮಸೂದೆ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು.

ಅದೇ 2010ರಲ್ಲಿ ಕರ್ನಾಟಕದ ಕಡಲತೀರದಲ್ಲಿ ಬೇಲೆಕೇರಿ ಸುದ್ದಿಯಾಯಿತು. ಅಂಕೋಲಾ ಬಳಿಯ ಆ ಪುಟ್ಟ ಬಂದರಿನಲ್ಲಿ ಅಕ್ರಮವಾಗಿ ರಾಶಿ ಹಾಕಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರನ್ನು ಅರಣ್ಯ ಇಲಾಖೆ ಜಪ್ತಿ ಮಾಡಿತ್ತು. ಜಪ್ತಿಯಾದ ಅದಿರಿನ ಬಹುಪಾಲು ಹಡಗು ಹತ್ತಿ ಮಾಯವಾಯಿತು. ಮಾಯವಾದದ್ದಕ್ಕೆ ಉತ್ತರ ಹೇಳಬೇಕಾದ ಹೊತ್ತಿನಲ್ಲಿ, ಜಪ್ತಿಯ ಹಿಂದಿದ್ದ ಕಾರವಾರದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡುವ ಮಾತು ಸರ್ಕಾರದೊಳಗೆ ಎದ್ದಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ಬಿಸಾಡಿದರು. ಪ್ರಾಮಾಣಿಕ ಅಧಿಕಾರಿಗೆ ಕೊಟ್ಟ ಕಿರುಕುಳವೂ ಅವರು ಹೇಳಿದ ಕಾರಣಗಳಲ್ಲಿ ಒಂದು. ಎಲ್.ಕೆ. ಅಡ್ವಾಣಿ ಮನವೊಲಿಸಿದ ಮೇಲೆ ರಾಜೀನಾಮೆ ಹಿಂಪಡೆದು, ಮರುವರ್ಷ ಗಣಿಗಾರಿಕೆಯ ಮೇಲಿನ ಅಂತಿಮ ವರದಿ ಕೊಟ್ಟರು. ಆ ವರದಿಯ ಏಟಿಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಕುರ್ಚಿ ಬಿಟ್ಟರು. ಒಬ್ಬ ಜಿಲ್ಲಾಮಟ್ಟದ ಅಧಿಕಾರಿಯ ಬೆನ್ನಿಗೆ ಲೋಕಾಯುಕ್ತರೇ ತಮ್ಮ ಹುದ್ದೆಯನ್ನು ಪಣವಿಟ್ಟು ನಿಂತದ್ದು ದೊಡ್ಡ ಮಾತು. ಆದರೆ ಅದು ಹೆಗ್ಡೆಯವರ ದೊಡ್ಡತನ, ನಿಯಮಪುಸ್ತಕದಲ್ಲಿದ್ದ ರಕ್ಷಣೆಯಲ್ಲ.

ಹೆಗ್ಡೆಯವರಂಥವರು ಬೆನ್ನಿಗೆ ಸಿಗದವರ ಗತಿ ಏನೆಂಬುದು 2012ರಲ್ಲಿ ತಿಳಿಯಿತು. ಎಸ್.ಪಿ. ಮಹಾಂತೇಶ್ ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ವಿಭಾಗದಲ್ಲಿ ಉಪನಿರ್ದೇಶಕರು. ಗೃಹ ನಿರ್ಮಾಣ ಸಹಕಾರ ಸಂಘಗಳು ಬೆಂಗಳೂರಿನಲ್ಲಿ ಸೈಟು ಹಂಚಿದ ಬಗೆಯನ್ನು ಅವರು ತಪಾಸಣೆ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಸೈಟು ಎಂದರೇನು ಎಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸದಸ್ಯರಲ್ಲದವರಿಗೆ, ಅರ್ಹತೆಯಿಲ್ಲದವರಿಗೆ ಸೈಟು ಹೋದ ಲೆಕ್ಕಗಳು ಅವರ ವರದಿಗಳಲ್ಲಿದ್ದವು. ಮೇ ತಿಂಗಳ ಒಂದು ರಾತ್ರಿ ನಗರದ ನಡುವೆಯೇ ಅವರ ಕಾರನ್ನು ತಡೆದು ಹಲ್ಲೆ ಮಾಡಿದರು. ಮೇ 20ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ದುಬೆ ಸತ್ತು ಎಂಟೂವರೆ ವರ್ಷವಾಗಿತ್ತು. 2004ರ ನಿರ್ಣಯ ರಾಜ್ಯ ಸರ್ಕಾರದ ನೌಕರರಾದ ಅವರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಅನ್ವಯಿಸುವ ಮಸೂದೆ ಆ ದಿನ ರಾಜ್ಯಸಭೆಯಲ್ಲಿ ಸರದಿ ಕಾಯುತ್ತಿತ್ತು.

ಲೋಕಸಭೆ ಅದನ್ನು ಒಪ್ಪಿದ್ದು 2011ರ ಡಿಸೆಂಬರ್ 27ರಂದು. ಅಣ್ಣಾ ಹಜಾರೆ ಚಳವಳಿಯ ಬಿಸಿಯಲ್ಲಿ ಲೋಕಪಾಲ ಮಸೂದೆಯೂ ಪಾಸಾದ ದಿನ ಅದು. ಮಾರನೆಯ ದಿನದ ಪತ್ರಿಕೆಗಳಲ್ಲಿ ಲೋಕಪಾಲದ ಅಬ್ಬರ, ಇದಕ್ಕೆ ಒಂದು ಮೂಲೆ. ರಾಜ್ಯಸಭೆಗೆ ಬಂದ ಮೇಲೆ ಎರಡು ವರ್ಷ ಕೂತಿತು. ಕೊನೆಗೆ 2014ರ ಫೆಬ್ರವರಿ 21ರಂದು, ಹದಿನೈದನೇ ಲೋಕಸಭೆಯ ಕಾಲದ ಕೊನೆಯ ಅಧಿವೇಶನದ ಕೊನೆಯ ದಿನ, ಪಾಸಾಯಿತು.

ಆ ಕೊನೆಯ ದಿನದ ಅವಸರ ಮುಂದಿನ ಎಲ್ಲ ತೊಡಕಿನ ಮೂಲ. ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಕೆಲವು ತಿದ್ದುಪಡಿಗಳನ್ನು ಸರ್ಕಾರವೇ ಸಿದ್ಧಮಾಡಿಕೊಂಡಿತ್ತು. ರಾಜ್ಯಸಭೆ ಅವನ್ನು ಸೇರಿಸಿದ್ದರೆ ಮಸೂದೆ ಮತ್ತೆ ಲೋಕಸಭೆಗೆ ಹೋಗಬೇಕಿತ್ತು, ಹೋಗಲು ಲೋಕಸಭೆಯ ದಿನಗಳೇ ಉಳಿದಿರಲಿಲ್ಲ. ಹಾಗಾಗಿ ತಿದ್ದುಪಡಿಗಳನ್ನು ಬದಿಗಿಟ್ಟು ಇದ್ದಂತೆಯೇ ಪಾಸು ಮಾಡಿದರು. ಮೇ 9ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದೇ ತಿಂಗಳು ಸರ್ಕಾರ ಬದಲಾಯಿತು.

ಕಾಯ್ದೆಯಲ್ಲಿ ಒಳ್ಳೆಯದು ಸಾಕಷ್ಟಿದೆ. ರಾಜ್ಯಗಳ ನೌಕರರೂ ಅದರೊಳಗೆ ಬರುತ್ತಾರೆ, ಸಾಮಾನ್ಯ ನಾಗರಿಕರೂ ದೂರು ಕೊಡಬಹುದು. ದೂರುದಾರರ ಗುರುತು ಬಿಟ್ಟುಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ದೂರು ಕೊಟ್ಟದ್ದಕ್ಕೇ ತನಗೆ ಕಿರುಕುಳ ಎಂದು ನೌಕರ ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಇಲಾಖೆಯದು. ಇಲಾಖಾ ವಿಚಾರಣೆಗಳಲ್ಲಿ ವರ್ಷಗಟ್ಟಲೆ ಸವೆದವರಿಗೆ ಈ ಒಂದು ಮಾತಿನ ತೂಕ ತಿಳಿಯುತ್ತದೆ. ಕುಂದುಗಳೂ ಇವೆ. ಕಿರುಕುಳ ಎಂದರೆ ಏನೇನು ಎಂದು ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಹೆಸರಿಲ್ಲದ ದೂರು ಇಲ್ಲಿಯೂ ನಡೆಯದು. ಏಳು ವರ್ಷಕ್ಕಿಂತ ಹಳೆಯ ಅಕ್ರಮವನ್ನು ಎತ್ತುವಂತಿಲ್ಲ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಎರಡು ವರ್ಷದವರೆಗೆ ಸೆರೆ. ಮಂಜುನಾಥ್, ಮಹಾಂತೇಶ್ ಅವರಂತೆ ಬಯಲಲ್ಲಿ ನಿಂತು ಕೆಲಸ ಮಾಡುವವರ ಬಗ್ಗೆ ಈ ಕಾಯ್ದೆಯೂ ನೇರವಾಗಿ ಏನೂ ಹೇಳುವುದಿಲ್ಲ. ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ದೂರು ಸಲ್ಲಿಸಿದ ಮೇಲಷ್ಟೇ ರಕ್ಷಣೆಯ ಮಾತು.

ಇವೆಲ್ಲ ಸದ್ಯಕ್ಕೆ ಓದಿ ತಿಳಿಯುವ ವಿಷಯಗಳಷ್ಟೇ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿಗೆ ಬರತಕ್ಕದ್ದು ಎಂದು ಕಾಯ್ದೆಯ ಮೊದಲ ಕಲಮಿನಲ್ಲೇ ಇದೆ. ದಶಕ ದಾಟಿದರೂ ಆ ಅಧಿಸೂಚನೆ ಹೊರಡಲಿಲ್ಲ.

ಅಧಿಸೂಚನೆಯ ಬದಲು 2015ರ ಮೇನಲ್ಲಿ ತಿದ್ದುಪಡಿ ಮಸೂದೆ ಬಂತು. ಎರಡೇ ದಿನದಲ್ಲಿ ಲೋಕಸಭೆ ಅದನ್ನು ಪಾಸು ಮಾಡಿತು. ಮೂಲ ಕಾಯ್ದೆಗೆ ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿದದ್ದನ್ನು ನೆನೆದರೆ ಈ ವೇಗ ಬೆರಗು ಹುಟ್ಟಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಾಗರಿಕರಿಗೆ ಕೊಡಬೇಕಿಲ್ಲದ ಮಾಹಿತಿಯ ಪಟ್ಟಿಯೊಂದಿದೆ. ಆ ಪಟ್ಟಿಯ ಮಾದರಿಯಲ್ಲೇ ಹತ್ತು ಬಗೆಯ ಮಾಹಿತಿಯನ್ನು ದೂರಿನಲ್ಲಿ ಬಳಸಕೂಡದು ಎಂದಿತು ತಿದ್ದುಪಡಿ. ದೇಶದ ಭದ್ರತೆ, ಸಂಪುಟದ ಕಡತಗಳ ಜೊತೆಗೆ ವಾಣಿಜ್ಯ ಗೋಪ್ಯತೆಯೂ ಆ ಹತ್ತರಲ್ಲಿತ್ತು. ಸರ್ಕಾರಿ ರಹಸ್ಯ ಕಾಯ್ದೆಯಿಂದ ದೂರುದಾರರಿಗೆ ಮೂಲದಲ್ಲಿ ಕೊಟ್ಟಿದ್ದ ರಕ್ಷಣೆಯನ್ನೂ ತೆಗೆದರು. ದುಬೆ ಅವರ ಪತ್ರವನ್ನು ಈ ಜರಡಿಗೆ ಹಾಕಿ ನೋಡಿ. ಅದರಲ್ಲಿದ್ದದ್ದು ಟೆಂಡರ್, ಗುತ್ತಿಗೆ, ಮುಂಗಡ, ಕಂಪನಿಗಳ ದಾಖಲೆ. ವಾಣಿಜ್ಯ ಗೋಪ್ಯತೆ ಎಂದು ಯಾರಾದರೂ ಆಕ್ಷೇಪ ಎತ್ತಿದ್ದರೆ ಪತ್ರ ತೆರೆದ ಕೂಡಲೇ ಮುಚ್ಚಬೇಕಾಗುತ್ತಿತ್ತು. ಹೊರಗಿನವರಿಗೆ ಕೊಡಬಾರದ ಮಾಹಿತಿ ಬೇರೆ, ಸರ್ಕಾರದ್ದೇ ಜಾಗೃತ ಪ್ರಾಧಿಕಾರಕ್ಕೆ ಮುಚ್ಚಿದ ಲಕೋಟೆಯಲ್ಲಿ ಕೊಡುವ ಮಾಹಿತಿ ಬೇರೆ. ಎರಡನ್ನೂ ಒಂದೇ ಪಟ್ಟಿಯಿಂದ ಅಳೆದದ್ದು ಅವಿವೇಕ. ಮಸೂದೆ ರಾಜ್ಯಸಭೆಯಲ್ಲಿ ನಿಂತಿತು. 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ತಿದ್ದುಪಡಿಯೂ ಇಲ್ಲ, ಮೂಲವೂ ಇಲ್ಲ.

ಹೀಗಾಗಿ ಕೇಂದ್ರದ ನೌಕರರಿಗೆ ಕೈಗೆ ಸಿಗುವುದು ಇಂದಿಗೂ 2004ರ ಆ ಲಕೋಟೆ ಮಾತ್ರ. ಕಾನೂನು ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ ಎಂದು ಹುಟ್ಟಿದ್ದು ಅದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ, ಆಮೇಲೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ರಾಜ್ಯಗಳು ಇಂಥ ಯೋಜನೆ ಮಾಡಬೇಕೆಂಬ ಕಲಮು, ಇವೆರಡೂ ಮೊಕದ್ದಮೆ ಹುಟ್ಟಿದ ನಂತರ ಸಾಕ್ಷಿಗೆ ಸಿಗುವ ಆಸರೆ. ದೂರು ಬರೆದ ನೌಕರನಿಗೆ ಅಪಾಯ ಬರುವುದು ಬಹಳ ಸಲ ಅದಕ್ಕೂ ಮೊದಲು. ರಾಜ್ಯದ ನೌಕರರಿಗಂತೂ ಆ ಲಕೋಟೆಯೂ ಇಲ್ಲ.

ಕರ್ನಾಟಕ ಇದರಲ್ಲಿ ದೆಹಲಿಯ ಬಾಯಿ ನೋಡುತ್ತಾ ಕೂರುವ ಕಾರಣವಿಲ್ಲ. ಲೋಕಪಾಲ ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2013ರಲ್ಲಿ, ಕರ್ನಾಟಕ ಲೋಕಾಯುಕ್ತ ಕಾಯ್ದೆ ಮಾಡಿದ್ದು 1984ರಲ್ಲಿ. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ 2005ರದು, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಬರೆದುಕೊಂಡಿತ್ತು. ರಾಜ್ಯದ ಸಾರ್ವಜನಿಕ ಸೇವೆಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ದೂರುದಾರರ ಹೆಸರು ಕಾಯುವ, ಬಯಲಲ್ಲಿ ನಿಂತು ತಪಾಸಣೆ ಮಾಡುವ ಅಧಿಕಾರಿಯ ಜೀವವನ್ನೂ ಕಾಯುವ ಮಸೂದೆಯೊಂದನ್ನು ರಾಜ್ಯದ ಶಾಸಕಾಂಗ ಬರೆಯಬಹುದು, ಬರೆಯಬೇಕು. ಮುಂದಿನ ಅಧಿವೇಶನಕ್ಕೆ ಹೊರಡುವ ನಿಮ್ಮ ಕ್ಷೇತ್ರದ ಶಾಸಕರಿಗೆ ಇದನ್ನು ಕೇಳಿ ಒಂದು ಪತ್ರ ಬರೆಯಿರಿ, ಕೆಳಗೆ ಹೆಸರು ಹಾಕಿಯೇ ಬರೆಯಿರಿ.